ಡೆಂಗಿ ಬಂದಾಗ ಯಾವ ಮನೆಮದ್ದು? ಪಪ್ಪಾಯಿ ಎಲೆಯಿಂದ ಗಂಜಿನೀರಿನವರೆಗೆ ಒಂದು ಹೋಲಿಕೆ

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಒಂದೇ ತರಹದ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ಮಗಳಿಗೆ ಡೆಂಗಿ ಅಂತ ರಿಪೋರ್ಟ್ ಬಂದಿದೆ. ಪಪ್ಪಾಯಿ ಎಲೆ ರಸ ಕೊಡೋದಾ, ಮೆಡಿಕಲ್‌ನಲ್ಲಿ ಸಿಗೋ ಮಾತ್ರೆ ಕೊಡೋದಾ?" "ಅತ್ತೆ ಅಮೃತಬಳ್ಳಿ ಕಷಾಯ ಮಾಡಿಟ್ಟಿದ್ದಾರೆ, ಕುಡಿಸಬಹುದಾ?" "ಆಡಿನ ಹಾಲು ಎಲ್ಲಿ ಸಿಗುತ್ತೆ?" ಡಾಕ್ಟರು "ಇದಕ್ಕೆ ಅಂತ ಬೇರೆ ಔಷಧಿ ಇಲ್ಲ, ಪ್ಯಾರಾಸಿಟಮಾಲ್ ಕೊಡಿ, ಚೆನ್ನಾಗಿ ನೀರು ಕುಡಿಸಿ" ಅಂದು ಕಳಿಸಿರುತ್ತಾರೆ. ಮನೆಯವರಿಗೆ ಅಷ್ಟಕ್ಕೆ ಸಮಾಧಾನ ಆಗುವುದಿಲ್ಲ. ಕಣ್ಣೆದುರು ಮಗು ಮೈಕೈ ನೋವಿನಿಂದ ನರಳುತ್ತಿರುವಾಗ ಏನಾದರೂ ಮಾಡಬೇಕು ಅನ್ನಿಸುತ್ತದೆ, ಅಲ್ವಾ? ಆ ಮನಸ್ಸು ನನಗೂ ಗೊತ್ತು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನಿಗೆ ಡೆಂಗಿ ಆಯಿತು. ಹನ್ನೊಂದು ವರ್ಷದ ಹುಡುಗ. ನಾಲ್ಕನೇ ದಿನ ಸಂಜೆ ಜ್ವರ ಇಳಿಯುತ್ತಾ ಬಂತು. ಅದೇ ಹೊತ್ತಿಗೆ ಪಕ್ಕದ ಮನೆಯ ಆಂಟಿ ಪ್ರೀತಿಯಿಂದ ಪಪ್ಪಾಯಿ ಎಲೆ ಅರೆದು ಅರ್ಧ ಲೋಟ ರಸ ತಂದುಕೊಟ್ಟರು. ಕುಡಿಸಿದೆವು. ರಾತ್ರಿ ಹತ್ತರೊಳಗೆ ಮೂರು ಸಲ ವಾಂತಿ. ಗಾಬರಿಯಿಂದ ಆಸ್ಪತ್ರೆಗೆ ಓಡಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಕೇಳಿದರು: "ಈ ವಾಂತಿ ಕಾಯಿಲೆಯಿಂದ ಬಂದಿದ್ದಾ, ರಸದಿಂದ ಬಂದಿದ್ದಾ?" ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಡೆಂಗಿಯಲ್ಲಿ ಮೇಲಿಂದ ಮೇಲೆ ವಾಂತಿ ಆಗುವುದು ಅಪಾಯದ ಸೂಚನೆ. ಹಾಗಾಗಿ ಅವನನ್ನು ಅಡ್ಮಿಟ್ ಮಾಡಿಕೊಂಡು ರಾತ್ರಿಯಿಡೀ ನೋಡಬೇಕಾಯಿತು. ಹುಡುಗ ಚೆನ್ನಾಗಿಯೇ ಮನೆಗೆ ಬಂದ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾವ ಮನೆಮದ್ದನ್ನು ತೂಗುವಾಗಲೂ ಈಗ ಅದೇ ನನಗೆ ಮೊದಲು ನೆನಪಾಗುತ್ತದೆ.

ಕಾಯಿಲೆ ಹೇಗೆ ನಡೆಯುತ್ತದೆ?

ಇದು ಗೊತ್ತಿಲ್ಲದೆ ಯಾವ ಮದ್ದನ್ನೂ ಅಳೆಯಲು ಆಗುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೆಂಗಿ ವೈರಸ್‌ನಿಂದ ಬರುವ ಜ್ವರ. ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆ ಅದನ್ನು ಹರಡುತ್ತದೆ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಂಗ್ಲಿಷ್ ಮದ್ದಿನಲ್ಲೂ ಸದ್ಯ ಬಳಕೆಯಲ್ಲಿಲ್ಲ. ಹೆಚ್ಚಿನವರಿಗೆ ವಾರ, ಹತ್ತು ದಿನದಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ಅಪಾಯ ಇರುವುದು ಜ್ವರ ಬಿಡುವ ಹೊತ್ತಿನಲ್ಲಿ. ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಆಗ ಕೆಲವರಲ್ಲಿ ಸಣ್ಣ ರಕ್ತನಾಳಗಳು ಸೋರಲು ಶುರುವಾಗುತ್ತವೆ. ರಕ್ತದ ನೀರಿನಂಶ ಹೊಟ್ಟೆಯೊಳಗೆ, ಎದೆಗೂಡಿನೊಳಗೆ ಇಳಿಯುತ್ತದೆ. ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ, ಬಿಪಿ ಕುಸಿಯುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ನಡೆಯುತ್ತದೆ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಇದರಿಂದಲೇ. ನಾವೋ, "ಸದ್ಯ, ಜ್ವರ ಬಿಡ್ತು" ಅಂತ ಉಸಿರು ಬಿಡುವುದು ಇದೇ ಹೊತ್ತಿನಲ್ಲಿ.

ನಮ್ಮ ಕಡೆ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ ಮೇಲೆ. "ಬಿಳಿ ರಕ್ತಕಣ ಎಷ್ಟಿದೆ?" ಅಂತ ಕೇಳುವುದೂ ರೂಢಿ. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ. ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯ ರಿಪೋರ್ಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ಅದೇ ರಿಪೋರ್ಟ್‌ನಲ್ಲಿ ಹಿಮಟೋಕ್ರಿಟ್ ಅಥವಾ ಪಿಸಿವಿ ಅಂತ ಇನ್ನೊಂದು ಸಾಲಿದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂದು ಅದು ಹೇಳುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಾ, ಈ ಪಿಸಿವಿ ಏರುತ್ತಾ ಹೋದರೆ ರಕ್ತದಿಂದ ನೀರು ಸೋರುತ್ತಿದೆ ಎಂದು ಅರ್ಥ. ಡಾಕ್ಟರು ಎರಡನ್ನೂ ಒಟ್ಟಿಗೆ ನೋಡುತ್ತಾರೆ. ನಾವು ಒಂದನ್ನೇ ನೋಡಿ ಹೆದರುತ್ತೇವೆ. ರಕ್ತಸ್ರಾವ ಇಲ್ಲದಿದ್ದರೆ, ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಅದನ್ನು ಹೊರಗಿನಿಂದ ಏರಿಸುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು ಮಾತು. ಜ್ವರ ಬಿಡುವ ಆಸುಪಾಸಿನಲ್ಲಿ ಪ್ಲೇಟ್‌ಲೆಟ್ ತೀರಾ ಕೆಳಗೆ ಹೋಗುತ್ತದೆ. ಆಮೇಲೆ ಎರಡು ಮೂರು ದಿನದಲ್ಲಿ ಯಾವ ಮದ್ದೂ ಇಲ್ಲದೆ ಏರಲು ಶುರುವಾಗುತ್ತದೆ. ನಾವು ಮನೆಮದ್ದು ಶುರು ಮಾಡುವುದು ಯಾವಾಗ? ರಿಪೋರ್ಟ್‌ನಲ್ಲಿ ಕೌಂಟ್ ಬಿದ್ದಾಗ, ಅಂದರೆ ನಾಲ್ಕನೇ ಐದನೇ ದಿನ. ಏಳನೇ ದಿನ ಕೌಂಟ್ ಏರುತ್ತದೆ. ಎಲೆ ರಸ ಕೊಟ್ಟವರಿಗೆ ಎಲೆ ರಸದಿಂದ ವಾಸಿಯಾಯಿತು, ಕಿವಿ ಹಣ್ಣು ಕೊಟ್ಟವರಿಗೆ ಕಿವಿಯಿಂದ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರು ಕಣ್ಣಾರೆ ನೋಡಿದ್ದೇ ಹಾಗೆ.

ಯಾವ ಅಳತೆಗೋಲು ಹಿಡಿಯಬೇಕು?

ನಾನು ಮೊದಲು ಕೇಳುವುದು, ಇದನ್ನು ಕೊಟ್ಟರೆ ರೋಗಿ ಕುಡಿಯುವ ನೀರಿನಂಶ ಹೆಚ್ಚಾಗುತ್ತದಾ, ಕಡಿಮೆಯಾಗುತ್ತದಾ ಎಂದು. ಎರಡನೆಯದು ಡಾಕ್ಟರಮ್ಮನ ಪ್ರಶ್ನೆ: ಇದು ಕಾಯಿಲೆಯ ಅಪಾಯದ ಸೂಚನೆಯನ್ನು ಮರೆಮಾಡುತ್ತದಾ? ಮೂರನೆಯದಾಗಿ ಲಿವರ್ ಮತ್ತು ಹೊಟ್ಟೆಯ ವಿಚಾರ. ಡೆಂಗಿಯಲ್ಲಿ ಲಿವರ್‌ಗೆ ಮೊದಲೇ ಪೆಟ್ಟು ಬಿದ್ದಿರುತ್ತದೆ, ಅದರ ಮೇಲೆ ಇನ್ನೊಂದು ಹೊರೆ ಹೇರಬಾರದು. ಆಮೇಲೆ, ಯಾರಾದರೂ ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ ಎನ್ನುವುದು. ಕೊನೆಗೆ ದುಡ್ಡು. ಅದೇ ದುಡ್ಡಿನಲ್ಲಿ ಇನ್ನೊಂದು ರಕ್ತ ಪರೀಕ್ಷೆ ಆಗುತ್ತಿತ್ತಾ ಎಂದೂ ನೋಡಬೇಕು.

ಪಪ್ಪಾಯಿ ಎಲೆ: ರಸವೋ, ಮಾತ್ರೆಯೋ?

ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಇದನ್ನೇ. ಪರಂಗಿ ಎಲೆ ಅಂತಲೂ ಹೇಳುತ್ತಾರಲ್ಲ, ಅದೇ. ಇಲ್ಲಿರುವ ಮದ್ದುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದೂ ಇದೇ. 2013ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ 228 ಡೆಂಗಿ ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ 50 ಗ್ರಾಂ ತಾಜಾ ಎಲೆಯ ರಸವನ್ನು ದಿನಕ್ಕೊಂದು ಸಲದಂತೆ ಮೂರು ದಿನ ಕೊಟ್ಟರು. ಅವರ ಪ್ಲೇಟ್‌ಲೆಟ್ ಉಳಿದವರಿಗಿಂತ ಬೇಗ ಏರಿತು. ನಮ್ಮ ದೇಶದಲ್ಲೂ ಎಲೆಯ ಸಾರದ ಮಾತ್ರೆ ಕೊಟ್ಟು ಕೆಲವು ಅಧ್ಯಯನ ಮಾಡಿದ್ದಾರೆ. ಅವುಗಳಲ್ಲೂ ಇದೇ ತರಹದ ಫಲಿತಾಂಶ ಬಂದಿದೆ.

ಹಾಗಾದರೆ ಕೊಡಬಹುದಲ್ಲ ಅನ್ನಿಸುತ್ತದೆ. ಸ್ವಲ್ಪ ತಾಳಿ. ಮಲೇಷ್ಯಾದ ಅಧ್ಯಯನದಲ್ಲಿ ಯಾರು ರಸ ಕುಡಿಯುತ್ತಿದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಉಳಿದ ಹಲವು ಅಧ್ಯಯನಗಳು ಸಣ್ಣವು. ಅದಕ್ಕಿಂತ ಮುಖ್ಯವಾದದ್ದು, ಕೌಂಟ್ ಬೇಗ ಏರಿತು ಎಂದಷ್ಟೇ ಅವು ತೋರಿಸುತ್ತವೆ. ರಕ್ತನಾಳದ ಸೋರಿಕೆ ನಿಂತಿತು, ಸಾವು ತಪ್ಪಿತು ಎಂದು ತೋರಿಸಿಲ್ಲ. ಕೌಂಟ್ 40,000 ಇದ್ದದ್ದು ಒಂದು ದಿನ ಮೊದಲೇ 70,000 ಆದರೆ ಮನೆಯವರ ಎದೆಬಡಿತ ಕಡಿಮೆಯಾಗುತ್ತದೆ, ನಿಜ. ಆದರೆ ಸೋರಿಕೆ ಅದರ ಪಾಡಿಗೆ ಅದು ನಡೆಯುತ್ತಿರಬಹುದು.

ರಸಕ್ಕೆ ದುಡ್ಡು ಬೇಡ, ಹಿತ್ತಲಲ್ಲೇ ಮರ ಇರುತ್ತದೆ. ಆದರೆ ಅದು ವಿಪರೀತ ಕಹಿ. ವಾಕರಿಕೆ, ವಾಂತಿ, ಹೊಟ್ಟೆಯಲ್ಲಿ ಉರಿ ಬರಬಹುದು. ಒಂದು ವಾಂತಿಯಲ್ಲಿ ಬೆಳಗ್ಗಿನಿಂದ ಕುಡಿಸಿದ ಗಂಜಿಯೆಲ್ಲ ಹೊರಗೆ ಹೋಗುತ್ತದೆ. ಎಲೆ ಎಷ್ಟು, ನೀರು ಎಷ್ಟು ಎಂಬ ಲೆಕ್ಕವೂ ಮನೆಯಿಂದ ಮನೆಗೆ ಬೇರೆ. ತೊಳೆಯದ ಎಲೆ, ಕಾಯಿಸದ ನೀರು ಸೇರಿದರೆ ಭೇದಿಯೂ ಶುರುವಾದೀತು. ಮಾತ್ರೆಯಲ್ಲಿ ಈ ತೊಂದರೆ ಕಡಿಮೆ. ಕ್ಯಾರಿಪಿಲ್‌ನಂತಹ ಮಾತ್ರೆಗಳು ಅಂಗಡಿಯಲ್ಲಿ ಸಿಗುತ್ತವೆ, ಎಷ್ಟೋ ಡಾಕ್ಟರುಗಳೂ ಚೀಟಿಯಲ್ಲಿ ಬರೆಯುತ್ತಾರೆ. ಪ್ರಮಾಣ ಗೊತ್ತಿರುತ್ತದೆ, ಕಹಿ ನಾಲಿಗೆಗೆ ತಾಗುವುದಿಲ್ಲ. ದುಡ್ಡು ಮಾತ್ರ ಖರ್ಚಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ವಾಂತಿ ಇಲ್ಲದ, ಚೆನ್ನಾಗಿ ಕುಡಿಯುತ್ತಿರುವ ದೊಡ್ಡವರು ಡಾಕ್ಟರಿಗೆ ಹೇಳಿ ಮಾತ್ರೆ ತಗೊಂಡರೆ ಅಡ್ಡಿಯಿಲ್ಲ. ರಸವೇ ಬೇಕು ಅನ್ನುವವರು ಊಟವಾದ ಮೇಲೆ ಸ್ವಲ್ಪವೇ ಕುಡಿಯಲಿ. ಒಂದು ಸಲ ವಾಕರಿಕೆ ಬಂದರೂ ಅಲ್ಲಿಗೇ ನಿಲ್ಲಿಸಲಿ. ಸಣ್ಣ ಮಕ್ಕಳಿಗೆ ಮೂಗು ಹಿಡಿದು ಕುಡಿಸುವುದು ಬೇಡವೇ ಬೇಡ. ಬಸುರಿಯರಿಗೆ ರಸವೂ ಬೇಡ, ಮಾತ್ರೆಯೂ ಬೇಡ.

ಅಮೃತಬಳ್ಳಿ ಕಷಾಯ

ಕೋವಿಡ್ ಕಾಲದಿಂದ ಇದು ಮನೆಮನೆಗೂ ಬಂದಿದೆ. ಕುಂಡದಲ್ಲೂ ಬೆಳೆಸುತ್ತಾರೆ. ಜ್ವರಕ್ಕೆ ಅಮೃತಬಳ್ಳಿ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ, ಆ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಡೆಂಗಿಯಲ್ಲಿ ನನಗೆ ಭಯ ಇರುವುದು ಲಿವರ್ ಬಗ್ಗೆ. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರ್‌ಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನೋಡಲು ಹಾಗೇ ಇರುವ ಬೇರೆ ಬಳ್ಳಿ ಇದ್ದಿರಬಹುದು ಎಂದಿತು. ಆ ವಾದ ಯಾರ ಕಡೆಗೇ ತೀರ್ಮಾನವಾಗಲಿ, ನಮಗೆ ಒಂದು ಮಾತು ಸಿಕ್ಕಿತು: ಬೇಲಿಯಲ್ಲಿ ಕಂಡ ಬಳ್ಳಿ ಅಮೃತಬಳ್ಳಿಯೇ ಅಂತ ಖಾತ್ರಿಯಿಲ್ಲ. ಜೊತೆಗೆ ಇದು ರಕ್ತದ ಸಕ್ಕರೆಯನ್ನೂ ಇಳಿಸಬಹುದು. ಶುಗರ್ ಮಾತ್ರೆ ತಗೊಳ್ಳುವವರು ಜ್ವರದಲ್ಲಿ ಸರಿಯಾಗಿ ಊಟ ಮಾಡದೆ ಇದನ್ನೂ ಕುಡಿದರೆ ತಲೆಸುತ್ತಿ ಬೀಳಬಹುದು. ಡೆಂಗಿ ಮುಗಿಯುವವರೆಗೆ ಬೇಡ ಅನ್ನುವುದು ನನ್ನ ನಿಲುವು.

ತಮಿಳುನಾಡಿನಲ್ಲಿ ಸರ್ಕಾರವೇ ಹಂಚಿದ ನಿಲವೇಂಬು ಕುಡಿನೀರ್ ಅನ್ನುವ, ಸಿದ್ಧ ವೈದ್ಯ ಪದ್ಧತಿಯ ಕಷಾಯವನ್ನು ನಮ್ಮ ಗಡಿ ಜಿಲ್ಲೆಗಳಲ್ಲೂ ಕೆಲವರು ತರಿಸುತ್ತಾರೆ. ನೆಲಬೇವಿನ ಜೊತೆ ಎಂಟು ಮೂಲಿಕೆ ಸೇರಿಸಿ ಮಾಡುವ ಪುಡಿ ಅದು. ಇದೂ ತುಂಬಾ ಕಹಿ. ಎಲೆ ರಸಕ್ಕೆ ಹೇಳಿದ ವಾಂತಿಯ ಮಾತು ಇದಕ್ಕೂ ಸೇರುತ್ತದೆ. ಆಯುರ್ವೇದ ಅಥವಾ ಸಿದ್ಧ ಓದಿದ ವೈದ್ಯರೇ ರೋಗಿಯನ್ನು ನೋಡಿ, ರಕ್ತ ಪರೀಕ್ಷೆಯನ್ನೂ ಗಮನಿಸುತ್ತಾ ಕೊಟ್ಟರೆ ಅದು ಬೇರೆ ಮಾತು. ವಾಟ್ಸಾಪ್‌ನಲ್ಲಿ ಬಂದ ಅಳತೆ ನೋಡಿ ಮನೆಯಲ್ಲಿ ಕುದಿಸುವುದು ಬೇರೆ. ಪಾದರಸ, ಸೀಸ ಸೇರಿರುವ ರಸೌಷಧಿಗಳನ್ನಂತೂ ಈ ಹೊತ್ತಿನಲ್ಲಿ ಹತ್ತಿರ ತರಬೇಡಿ.

ಆಡಿನ ಹಾಲು, ಕಿವಿ ಹಣ್ಣು, ದಾಳಿಂಬೆ

ಡೆಂಗಿ ಸೀಸನ್‌ನಲ್ಲಿ ಆಡಿನ ಹಾಲಿಗೆ ಬೇಡಿಕೆ ಏರುತ್ತದೆ, ಬೆಲೆಯೂ ಹಾಗೇ. ಅದು ಪ್ಲೇಟ್‌ಲೆಟ್ ಏರಿಸುತ್ತದೆ ಎನ್ನಲು ನಂಬುವಂತಹ ಆಧಾರವಿಲ್ಲ. ಹಸಿ ಹಾಲೇ ಕುಡಿಯಬೇಕು ಎಂಬ ಮಾತು ಮಾತ್ರ ನಿಜಕ್ಕೂ ಅಪಾಯದ್ದು. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಬರಬಹುದು. ಅದೂ ವಾರಗಟ್ಟಲೆ ಕಾಡುವ ಜ್ವರವೇ. ಕಾಯಿಸಿ ಕುಡಿದರೆ ಅದು ಹಾಲು, ಅಷ್ಟೇ. ಮನೆಗೆ ಬರುವ ಪ್ಯಾಕೆಟ್ ಹಾಲೂ ಆದೀತು.

ಕಿವಿ, ಡ್ರ್ಯಾಗನ್ ಫ್ರೂಟ್ ಒಳ್ಳೆಯ ಹಣ್ಣುಗಳೇ. ಆದರೆ ರೋಗಿ ನೋಡಲು ಬಂದ ನೆಂಟರೆಲ್ಲ ಕಿವಿ ಡಬ್ಬಿ ತರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಂತಹ ಮೂರ್ನಾಲ್ಕು ಡಬ್ಬಿಯ ದುಡ್ಡಿಗೆ ಎಷ್ಟೋ ಊರಿನಲ್ಲಿ ಒಂದು ಸಿಬಿಸಿ ಮಾಡಿಸಬಹುದು. ನೆಂಟರಿಗೆ ಮೊದಲೇ ಹೇಳಿಬಿಡಿ: ಹಣ್ಣು ಬೇಡ, ಎಳನೀರು ತನ್ನಿ.

ದಾಳಿಂಬೆ, ಬೀಟ್‌ರೂಟ್ ಜ್ಯೂಸ್ ವಿಚಾರದಲ್ಲಿ ಒಂದು ಎಚ್ಚರಿಕೆ. "ರಕ್ತ ಹೆಚ್ಚುತ್ತೆ" ಅಂತ ಕೆಂಪಗಿರುವುದನ್ನೆಲ್ಲ ಕುಡಿಸುತ್ತೇವೆ. ಆಮೇಲೆ ವಾಂತಿಯಾದರೆ ಅದು ಕೆಂಪಗಿರುತ್ತದೆ. ರಕ್ತವೋ ಜ್ಯೂಸೋ? ಮತ್ತೆ ಡಾಕ್ಟರಮ್ಮನ ಪ್ರಶ್ನೆ. ಜ್ವರ ಬಿಡುವ ಆ ಎರಡು ಮೂರು ದಿನ ಕೆಂಪು, ಕಂದು, ಕಪ್ಪು ಬಣ್ಣದ ಪಾನೀಯ ಬೇಡ. ರಾಗಿ ಅಂಬಲಿ ಒಳ್ಳೆಯದೇ, ಆದರೆ ವಾಂತಿ ಇರುವವರಿಗೆ ಅಕ್ಕಿ ಗಂಜಿಯೇ ಸರಿ.

ಹೋಮಿಯೋಪತಿ ಗುಳಿಗೆ

ಕಹಿ ಇಲ್ಲ, ಅಗ್ಗ, ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಮಳೆಗಾಲದಲ್ಲಿ ಉಚಿತವಾಗಿ ಹಂಚುವುದೂ ಉಂಟು. ಹೊಂಡುರಾಸ್ ದೇಶದಲ್ಲಿ 60 ಡೆಂಗಿ ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದರು, ಫಲಿತಾಂಶ ಬಂದದ್ದು 2007ರಲ್ಲಿ. ಹೋಮಿಯೋಪತಿ ತಗೊಂಡವರಿಗೂ ಸುಮ್ನೆ ಹುಸಿ ಮದ್ದು ತಗೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಗುಳಿಗೆಯಿಂದ ನೇರವಾಗಿ ಕೆಡುಕಾಗುವುದು ಅಪರೂಪ. ಆದರೆ "ಗುಳಿಗೆ ತಗೊಂಡಿದ್ದೀವಿ, ನಮಗೆ ಡೆಂಗಿ ಬರಲ್ಲ" ಅಂತ ಡ್ರಮ್ಮಿನ ನೀರು ಮುಚ್ಚದೆ ಬಿಟ್ಟರೆ, ಇಲ್ಲವೇ ಆಸ್ಪತ್ರೆಗೆ ಒಂದು ದಿನ ತಡವಾಗಿ ಹೋದರೆ ಕೆಡುಕು ಅಲ್ಲಿಂದ ಬರುತ್ತದೆ.

ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್

ನನ್ನ ಅಳತೆಗೋಲಿನಲ್ಲಿ ಗೆಲ್ಲುವುದು ಇವೇ. ಇವನ್ನು ಯಾರೂ ಮದ್ದು ಅಂತ ಕರೆಯುವುದಿಲ್ಲ, ಅದೇ ಬೇಜಾರು. ನಾಳದಿಂದ ನೀರು ಸೋರುವ ಕಾಯಿಲೆಗೆ ನೀರು, ಉಪ್ಪು ತುಂಬಿಕೊಡುವುದೇ ಮದ್ದು.

ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ ಅಗ್ಗ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ದೊಡ್ಡ ಪ್ಯಾಕೆಟ್ ಪೂರ್ತಿ ಹಾಕಿ, 24 ಗಂಟೆಯೊಳಗೆ ಮುಗಿಸಿ. ಸಿಹಿ ಸಿಹಿಯಾದ ಟೆಟ್ರಾ ಪ್ಯಾಕ್ ಪಾನೀಯಗಳು ಇದಕ್ಕೆ ಸಮ ಅಲ್ಲ. ರುಚಿ ಹಿಡಿಸದಿದ್ದರೆ ಉಪ್ಪು ಹಾಕಿದ ಅಕ್ಕಿ ಗಂಜಿತಿಳಿ, ನೀರು ಮಜ್ಜಿಗೆ, ಬೇಳೆಕಟ್ಟಿನ ತಿಳಿಸಾರು ಕೊಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಹಾಗಾಗಿ ಅದೊಂದನ್ನೇ ನೆಚ್ಚಬೇಡಿ, ಉಪ್ಪಿರುವ ಯಾವುದಾದರೂ ಜೊತೆಗಿರಲಿ. ಕಿಡ್ನಿ ತೊಂದರೆ ಇರುವವರಿಗೆ ಎಳನೀರಾಗಲಿ, ಓಆರ್‌ಎಸ್ ಆಗಲಿ ಡಾಕ್ಟರನ್ನು ಕೇಳದೆ ಕೊಡಬಾರದು.

ದೊಡ್ಡವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಸೇರಿದರೆ ಸಾಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ಹೋಗುತ್ತಿದ್ದರೆ ಲೆಕ್ಕ ಸರಿಯಿದೆ. ಒಂದೇ ಸಲ ಲೋಟಗಟ್ಟಲೆ ಕುಡಿಸಬೇಡಿ, ಗುಟುಕು ಗುಟುಕಾಗಿ ಕೊಡಿ. ಇಲ್ಲೂ ಅತಿ ಒಳ್ಳೆಯದಲ್ಲ. ಸೋರಿದ ನೀರು ಚೇತರಿಕೆಯ ದಿನಗಳಲ್ಲಿ ರಕ್ತಕ್ಕೆ ವಾಪಸ್ ಬರುತ್ತದೆ. ಆಗ ಬೇಡದಿದ್ದರೂ ಡ್ರಿಪ್ಸ್ ಹಾಕಿಸಿಕೊಂಡರೆ ಉಸಿರಾಟಕ್ಕೆ ತೊಂದರೆಯಾಗಬಹುದು. "ಎರಡು ಬಾಟಲ್ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅಂತ ಒತ್ತಾಯ ಮಾಡುವವರು ಇದನ್ನು ನೆನಪಿಡಿ.

ಹಿರಿಯರ ಪಥ್ಯದ ಬಗ್ಗೆಯೂ ಹೇಳಲೇಬೇಕು. ಮಜ್ಜಿಗೆ ಶೀತ, ಎಳನೀರು ಶೀತ, ಜ್ವರಕ್ಕೆ ಅನ್ನ ಆಗದು ಅಂತ ತಡೆಯುವ ಅಜ್ಜಿಯರಿದ್ದಾರೆ. ವಾದ ಮಾಡಬೇಡಿ. "ಅಜ್ಜಿ, ಬಿಸಿ ಗಂಜಿಗೆ ಉಪ್ಪು ಹಾಕಿ ಕೊಡೋಣ" ಅನ್ನಿ. ಗಂಜಿಗೆ ಯಾವ ಅಜ್ಜಿಯೂ ಬೇಡ ಅನ್ನುವುದಿಲ್ಲ.

ಮಾತ್ರೆ, ಸೂಜಿ

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ದೊಡ್ಡವರಿಗೆ 650ರ ಮಾತ್ರೆ ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರಬಾರದು. ಮಕ್ಕಳಿಗೆ ತೂಕದ ಮೇಲೆ, ಡಾಕ್ಟರು ಹೇಳಿದಷ್ಟು. ಬೇರೆ ಹೆಸರಿನ ನೆಗಡಿ ಮಾತ್ರೆಯಲ್ಲೂ ಇದೇ ಇರುತ್ತದೆ, ಎರಡೂ ಸೇರಿ ಜಾಸ್ತಿಯಾಗದಂತೆ ನೋಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಬೇಡ. ಇವು ರಕ್ತಸ್ರಾವ ಹೆಚ್ಚಿಸುತ್ತವೆ. ನೋವು ತಡೆಯಲಾಗದೆ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಳ್ಳುವ ರೂಢಿ ಹಳ್ಳಿ ಕಡೆ ಇನ್ನೂ ಇದೆ. ಡೆಂಗಿಯಲ್ಲಿ ಚುಚ್ಚಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಬಹುದು. ಹೃದಯದ ತೊಂದರೆಗೆ ಮೊದಲಿಂದಲೂ ಆಸ್ಪಿರಿನ್ ತಗೊಳ್ಳುವವರು ತಾವೇ ನಿಲ್ಲಿಸಬಾರದು, ಅದೇ ದಿನ ಡಾಕ್ಟರನ್ನು ಕೇಳಬೇಕು.

ನಿಮ್ಮ ಮನೆಗೆ ಯಾವುದು?

ಕೂಲಿ ಮಾಡಿ ಬದುಕುವ ಮನೆಯಾದರೆ ಎಲೆ, ಹಾಲು, ಹಣ್ಣು ಎಲ್ಲ ಬಿಡಿ. ಓಆರ್‌ಎಸ್, ಗಂಜಿ, ಪ್ಯಾರಾಸಿಟಮಾಲ್ ಸಾಕು. ಉಳಿದ ದುಡ್ಡನ್ನು ಸಿಬಿಸಿಗೆ ಇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆ ಉಚಿತ. ಖಾಸಗಿ ಲ್ಯಾಬ್‌ಗಳಿಗೂ 2024ರಲ್ಲಿ ರಾಜ್ಯ ಸರ್ಕಾರ ಮಿತಿ ಹಾಕಿತು: ಎಲೈಸಾ ವಿಧಾನದ ಎನ್‌ಎಸ್1 ಪರೀಕ್ಷೆಗೆ 300 ರೂಪಾಯಿ, ಐಜಿಎಂಗೆ 300, ಕಾರ್ಡ್ ಟೆಸ್ಟಿಗೆ 250. ಮೊದಲ ಐದು ದಿನದೊಳಗೆ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1, ಆಮೇಲೆ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಮಾಡಿಸಿ.

ಕೈಯಲ್ಲಿ ದುಡ್ಡಿದೆ, ಏನೂ ಮಾಡದೆ ಇರಲು ಮನಸ್ಸು ಒಪ್ಪುತ್ತಿಲ್ಲ ಅನ್ನುವವರು ಡಾಕ್ಟರಿಗೆ ಹೇಳಿ ಪಪ್ಪಾಯಿ ಎಲೆಯ ಮಾತ್ರೆ ತಗೊಳ್ಳಲಿ. ಅದರಿಂದ ದೊಡ್ಡ ನಿರೀಕ್ಷೆ ಬೇಡ.

ಮಲೆನಾಡಿನ ಒಂಟಿ ಮನೆ, ಆಸ್ಪತ್ರೆ ಮೂವತ್ತು ನಲವತ್ತು ಕಿಲೋಮೀಟರ್ ದೂರ ಅಂತಾದರೆ ನಿಮ್ಮ ಲೆಕ್ಕವೇ ಬೇರೆ. ಮೂರನೇ ದಿನವೇ ಪೇಟೆಯ ನೆಂಟರ ಮನೆಗೆ ರೋಗಿಯನ್ನು ಕರೆತನ್ನಿ. ಮಳೆಯ ರಾತ್ರಿಯಲ್ಲಿ ಜೀಪು ಹುಡುಕುವ ಪಾಡು ಬೇಡ.

ಬಸುರಿಯರು, ಒಂದು ವರ್ಷದೊಳಗಿನ ಕೂಸುಗಳು, ವಯಸ್ಸಾದವರು, ಶುಗರ್ ಅಥವಾ ಕಿಡ್ನಿ ತೊಂದರೆ ಇರುವವರು ಯಾವ ಮನೆಮದ್ದಿನ ಪ್ರಯೋಗಕ್ಕೂ ಹೋಗಬಾರದು. ಮೊದಲ ದಿನದಿಂದಲೇ ಡಾಕ್ಟರ ಕಣ್ಣಳತೆಯಲ್ಲಿರಬೇಕು.

ಯಾವ ಮದ್ದು ಆರಿಸಿದರೂ, ಇವುಗಳಲ್ಲಿ ಒಂದು ಕಂಡರೂ ಕಾಯದೆ ಹೊರಡಿ: ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಒಸಡಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಉಸಿರಾಡಲು ಕಷ್ಟ, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಮಗು ಮಂಕಾಗುವುದು ಅಥವಾ ಸುಮ್ಮಸುಮ್ಮನೆ ರಚ್ಚೆ ಹಿಡಿಯುವುದು.

ತಂಗಿಯ ಮನೆಯ ಫ್ರಿಜ್ ಮೇಲೆ ಈಗ ಮಳೆಗಾಲ ಬಂತೆಂದರೆ ಒಂದು ಬಿಳಿ ಹಾಳೆ ಅಂಟಿರುತ್ತದೆ. ಯಾರಿಗೆ ಜ್ವರ ಬಂದರೂ ಅದರಲ್ಲಿ ಬರೆಯುತ್ತಾಳೆ: ಎಷ್ಟು ಹೊತ್ತಿಗೆ ಎಷ್ಟು ಜ್ವರ, ಏನು ಕುಡಿದರು, ಎಷ್ಟು ಸಲ ಮೂತ್ರ, ಎಷ್ಟು ಸಲ ವಾಂತಿ, ಯಾವ ಮದ್ದು, ಯಾವ ಕಷಾಯ. ಪಕ್ಕದ ಮನೆಯ ಆಂಟಿ ಕೊಟ್ಟದ್ದೂ ಅದರಲ್ಲಿರುತ್ತದೆ. ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗುತ್ತಾಳೆ. ಡಾಕ್ಟರು ಬೈಯುತ್ತಾರೆ ಅಂತ ಏನನ್ನೂ ಮುಚ್ಚಿಡುವುದಿಲ್ಲ.